ಬಚ್ಚಲು ನೀರಿಗೆ ಜಲ್ಲಿ ಹಾಸಿಗೆ: ಗಿಡಕ್ಕಿಂತ ಮೊದಲು ತೊಟ್ಟಿ ನೋಡಿ

ಮಂಡ್ಯದ ಕಡೆ ಎಷ್ಟೋ ಊರುಗಳಲ್ಲಿ ಬಚ್ಚಲು ನೀರು ಮೋರಿ ಹಿಡಿದು ನೇರವಾಗಿ ಕೆರೆಗೋ ನಾಲೆಗೋ ಇಳಿಯುತ್ತದೆ. ಜೊಂಡು, ಕಾಬಾಳೆ ನೆಟ್ಟ ಜಲ್ಲಿ ಹಾಸಿಗೆಯಲ್ಲಿ ಹಾಯಿಸಿದರೆ ಅದೇ ನೀರು ಕರೆಂಟಿಲ್ಲದೆ, ಮೋಟಾರಿಲ್ಲದೆ ತಿಳಿಯಾಗುತ್ತದೆ. ಆದರೆ ಗಿಡ ನೆಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಕೊಳೆಯನ್ನು ಮುಖ್ಯವಾಗಿ ತಿನ್ನುವುದು ಗಿಡವಲ್ಲ, ಜಲ್ಲಿಗೆ ಲೋಳೆಯಂತೆ ಅಂಟಿ ಬೆಳೆಯುವ ಸೂಕ್ಷ್ಮಜೀವಿಗಳು. ಬೇರು ಅವಕ್ಕೆ ನೆಲೆ, ಒಂದಿಷ್ಟು ಗಾಳಿ ಕೊಡುತ್ತದೆ.

100 ಮನೆ, 500 ಜನರ ಊರಿನ ಲೆಕ್ಕ ಹಾಕೋಣ. ಜಲ ಜೀವನ್ ಮಿಷನ್ ಅಳತೆಯಂತೆ ತಲೆಗೆ ದಿನಕ್ಕೆ 55 ಲೀಟರ್. ಮುಕ್ಕಾಲು ಪಾಲು ಮೋರಿಗೆ ಬಂದರೆ ಸುಮಾರು 20,000 ಲೀಟರ್. ತಲೆಗೆ ಕನಿಷ್ಠ ಒಂದು ಚದರ ಮೀಟರ್ ಅಂದರೂ 5 ಗುಂಟೆ ಬೇಕು. ಅದನ್ನು ಎರಡು ಹಾಸಿಗೆ ಮಾಡಿ: ಒಂದನ್ನು ಒಣಗಿಸಿ ರಿಪೇರಿ ಮಾಡುವಾಗ ಇನ್ನೊಂದು ನಡೆಯುತ್ತಿರಬೇಕು. ಒಂದೊಂದೂ 20 ಮೀಟರ್ ಅಗಲ, ನೀರು ಹರಿಯುವ ದಿಕ್ಕಿಗೆ 12.5 ಮೀಟರ್ ಉದ್ದ. ಕಾಲುವೆಯಂತೆ ಸಪೂರವಾಗಿ ಉದ್ದಕ್ಕೆ ಕಟ್ಟಿದರೆ ಕೊಳೆಯೆಲ್ಲ ಬಾಯಲ್ಲೇ ಕೂತು ಕಟ್ಟಿಕೊಳ್ಳುತ್ತದೆ.

ತಳಕ್ಕೆ ಎಚ್‌ಡಿಪಿಇ ಎಂಬ ದಪ್ಪ ಪ್ಲಾಸ್ಟಿಕ್ ಹಾಳೆ ಇಲ್ಲವೇ ಚೆನ್ನಾಗಿ ದಮ್ಮಸ್ಸು ಮಾಡಿದ ಜೇಡಿ ಬೇಕೇ ಬೇಕು. ಕೆಂಪು ಮಣ್ಣಿನ ಮೇಲೆ ಹಾಗೇ ಬಿಟ್ಟರೆ ಕೊಳೆನೀರು ಪಕ್ಕದ ಬೋರ್‌ವೆಲ್‌ಗೆ ಇಂಗೀತು. ಮೇಲೆ 60 ಸೆಂ.ಮೀ. ಜಲ್ಲಿ, 10–20 ಮಿ.ಮೀ. ಗಾತ್ರದ್ದು, ತೊಳೆದದ್ದು. ಕ್ರಷರ್ ಪುಡಿ ಸಮೇತ ಸುರಿದರೆ ಮೊದಲ ದಿನವೇ ಸಂದು ಮುಚ್ಚಿತು. 50 ಸೆಂ.ಮೀ. ನೀರು ನಿಂತರೆ ಜಲ್ಲಿಯ ಸಂದಿನಲ್ಲಿ ಒಂದು ಲಕ್ಷ ಲೀಟರ್ ಹಿಡಿಯುತ್ತದೆ, ಅಂದರೆ ನೀರಿಗೆ ಐದು ದಿನದ ವಾಸ. ಹೊರಹೋಗುವ ಪೈಪಿಗೆ ತಿರುಗುವ ಎಲ್ಬೋ (ಬಾಗಿದ ಜೋಡಣೆ) ಹಾಕಿ ನೀರಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ ಕೆಳಗೇ ಇರುವಂತೆ ನೋಡಿಕೊಳ್ಳಿ. ಮೇಲೆ ನೀರು ಕಂಡರೆ ಸೊಳ್ಳೆ ಬಂದಿತೆಂದೇ ಅರ್ಥ.

ಹಾಸಿಗೆ ಕೆಡುವುದು ಸಾಮಾನ್ಯವಾಗಿ ನೀರು ಅದಕ್ಕೆ ಬರುವ ಮೊದಲು ಕೆಸರು ತಂಗುವ ತೊಟ್ಟಿಯಿಂದ. ನೀರು ಒಳಬರುವ ಕಡೆ ಒಂದು ಅಡಿ ಜಲ್ಲಿ ಬಗೆದು ನೋಡಿ. ಕೈಗೆ ಕಪ್ಪು ಜಿಡ್ಡು ಅಂಟಿ, ಕೊಳೆತ ಮೊಟ್ಟೆಯ ನಾತ ಬಂದರೆ ತೊಟ್ಟಿ ತುಂಬಿ ಕೆಸರು ಒಳನುಗ್ಗಿದೆ. ಎರಡು ಕೋಣೆಯ, 20,000 ಲೀಟರ್ ಹಿಡಿಯುವ ತೊಟ್ಟಿ ಇರಲಿ. ಕೆಸರು ಮೂರರಲ್ಲೊಂದು ಪಾಲು ಏರಿದೊಡನೆ ತೆಗೆಸಿ. ಬಾಯಿಯ ಸರಳಿನ ಜಾಲರಿಯಿಂದ ಪ್ಲಾಸ್ಟಿಕ್, ಅನ್ನದ ಅಗುಳು ಎಳೆಯುವ ಕೆಲಸ ದಿನದ್ದು. ಅದಕ್ಕೆ ಪಂಚಾಯ್ತಿ ಮೊದಲೇ ಆಳನ್ನು ಗೊತ್ತು ಮಾಡಿ ಕೂಲಿ ಎತ್ತಿಡಬೇಕು.

ಆಲೆಮನೆ ತೊಳೆದ ನೀರನ್ನು ಈ ಮೋರಿಗೆ ಬಿಡಲೇಬೇಡಿ. ಸಕ್ಕರೆ ಅಂಶ ಹುಳಿತು ಸೂಕ್ಷ್ಮಜೀವಿಗಳ ಉಸಿರಾಟದ ಗಾಳಿಯನ್ನೆಲ್ಲ ಹೀರುತ್ತದೆ, ಹಾಸಿಗೆ ಕಟ್ಟಿಕೊಳ್ಳುತ್ತದೆ. ಪಾಯಿಖಾನೆ ಪೈಪೂ ಬೇಡ, ಅದಕ್ಕೆ ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸುವ ಜೋಡಿಗುಂಡಿಯೇ ಸರಿ.

ನಾಲೆ ನಿಂತ ಬೇಸಿಗೆಯಲ್ಲಿ ಇದರ ಬೆಲೆ ತಿಳಿಯುತ್ತದೆ. ಬಿಸಿಲಿಗೆ ದಿನಕ್ಕೆ 3–4 ಸಾವಿರ ಲೀಟರ್ ಆರಿದರೂ 16,000 ಉಳಿದೀತು. ಮರಕ್ಕೆ 60 ಲೀಟರ್‌ನಂತೆ 250 ತೆಂಗಿನ ಬುಡಕ್ಕೆ ಸಾಕು. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಮಾತ್ರ ಹಾಯಿಸಬೇಡಿ: ನೀರು ತಿಳಿಯಾಗಿ ಕಂಡರೂ ರೋಗಾಣು ಪೂರ್ತಿ ಹೋಗಿರುವುದಿಲ್ಲ.