ಗೊಬ್ಬರ ಹಾಕಿದರೆ ಸಣ್ಣ ಬೇರು ಹೆಚ್ಚುತ್ತದಾ, ಕಡಿಮೆಯಾಗುತ್ತದಾ?

ಈ ಪ್ರಶ್ನೆ ನನ್ನನ್ನು ತುಂಬಾ ದಿನ ಕಾಡಿತು. ಗೊಬ್ಬರ ಬಿದ್ದ ಕಡೆ ಬೇರು ಮುತ್ತಿಕೊಳ್ಳುತ್ತದೆ ಅಂತ ಒಂದು ಕಡೆ ಓದುತ್ತೇವೆ. ಗೊಬ್ಬರ ಸಿಕ್ಕರೆ ಮರ ಬೇರಿನ ಖರ್ಚು ಇಳಿಸುತ್ತದೆ ಅಂತ ಇನ್ನೊಂದು ಕಡೆ. ಎರಡೂ ಸರಿ. ಒಂದು ಹಿಡಿಮಣ್ಣಿನ ಮಾತು, ಇನ್ನೊಂದು ಇಡೀ ಮರದ ಮಾತು.

ವಾಡಿಕೆಯಲ್ಲಿ 2 ಮಿಲಿಮೀಟರ್‌ಗಿಂತ ತೆಳುವಾದದ್ದನ್ನೆಲ್ಲ ಸಣ್ಣ ಬೇರು ಅನ್ನುತ್ತಾರೆ. ಆದರೆ ಅದರಲ್ಲೂ ತುದಿಯ ಬೇರುಗಳ ಕೆಲಸ ಹೀರುವುದು, ಅವುಗಳ ಆಯಸ್ಸು ಕಡಿಮೆ. ಹಿಂದಿನವು ಸಾಗಿಸುತ್ತವೆ, ಹೆಚ್ಚು ಕಾಲ ಬಾಳುತ್ತವೆ.

ಹಿಡಿಮಣ್ಣಿನ ಮಾತಿಗೆ ಹಳೆಯ ಸಾಕ್ಷಿ ಮರದ್ದಲ್ಲ, ಬಾರ್ಲಿಯದ್ದು. ಡ್ರ್ಯೂ ಎಂಬ ವಿಜ್ಞಾನಿ 1975ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಬೇರಿನ ನಡುಭಾಗಕ್ಕೆ ಮಾತ್ರ ನೈಟ್ರೇಟ್, ಅಂದರೆ ಸಾರಜನಕದ ಒಂದು ರೂಪ, ಕೊಟ್ಟಾಗ ಕವಲು ಬೇರುಗಳು ಅಲ್ಲೇ ಪೊದೆಯಂತೆ ಬೆಳೆದವು. ರಂಜಕ ಕೊಟ್ಟಾಗಲೂ ಹಾಗೇ. ಪೊಟ್ಯಾಷ್‌ಗೆ ಹಾಗಾಗಲಿಲ್ಲ!

ಇಡೀ ಮರದ ಮಾತಿಗೆ ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಹೋಗೋಣ. ಅಲ್ಲಿನ ಸ್ಕಾಟ್ಲೆಂಡ್ ಕೌಂಟಿಯ ಬಡ ಮರಳು ನೆಲದಲ್ಲಿ 1985ರಲ್ಲಿ ಲೊಬ್ಲೋಲಿ ಎಂಬ ಜಾತಿಯ ಪೈನ್ ಮರ ನೆಟ್ಟಿದ್ದರು. 1992ರಿಂದ ಕೆಲವು ತಾಕುಗಳಿಗೆ ನೀರು, ಕೆಲವಕ್ಕೆ ಗೊಬ್ಬರ, ಕೆಲವಕ್ಕೆ ಎರಡೂ, ಇನ್ನು ಕೆಲವಕ್ಕೆ ಏನೂ ಇಲ್ಲ. ನೀರಿಗಿಂತ ಗೊಬ್ಬರವೇ ಕಾಂಡವನ್ನು ಜಾಸ್ತಿ ಬೆಳೆಸಿತು. ಸಣ್ಣ ಬೇರಿಗೆ ಹೋಗುವ ಪಾಲು ಮಾತ್ರ ಇಳಿಯಿತು. ಬೇರು ಬೆಳೆಸಲು, ಅದನ್ನು ಉಸಿರಾಡಿಸಲು ಎಲೆ ಮಾಡಿದ ಸಕ್ಕರೆಯೇ ಬೇಕು ಅಲ್ವಾ? ಆಹಾರ ಸುಲಭವಾಗಿ ಸಿಕ್ಕರೆ ಆ ಸಕ್ಕರೆ ಕಾಂಡಕ್ಕೆ ಹೋಗುತ್ತದೆ.

ಇಲ್ಲೇ ನಾವು ಎಡವುವುದು. ಪಾಲು ಇಳಿದರೆ ಬೇರಿನ ತೂಕವೂ ಇಳಿಯಲೇಬೇಕೆಂದಿಲ್ಲ. ಸುಮ್ನೆ ಲೆಕ್ಕಕ್ಕೆ ಹೇಳುವುದಾದರೆ, 100 ಕಿಲೋ ಮರದಲ್ಲಿ 10 ಕಿಲೋ ಸಣ್ಣ ಬೇರಿದೆ ಅನ್ನಿ. ಗೊಬ್ಬರ ಉಂಡು ಮರ 200 ಕಿಲೋ ಆಯಿತು, ಬೇರು 14 ಕಿಲೋ. ಪಾಲು ಶೇ 10ರಿಂದ 7ಕ್ಕೆ ಇಳಿಯಿತು, ತೂಕ ಏರಿತು. ಯಾವುದೇ ವರದಿ ಓದುವಾಗ ಅವರು ಹೇಳುತ್ತಿರುವುದು ಪಾಲೋ ತೂಕವೋ ಅಂತ ಮೊದಲು ನೋಡಿ.

ಯಾವ ಗೊಬ್ಬರ ಎಂಬುದೂ ಮುಖ್ಯ. ನೈಟ್ರೇಟ್ ನೀರಿನ ಜೊತೆ ಹರಿದು ಬೇರಿನ ಬಳಿಗೇ ಬರುತ್ತದೆ. ರಂಜಕ ಮಣ್ಣಿಗೆ ಅಂಟಿಕೊಂಡು ಕೂತಿರುತ್ತದೆ. ಕಬ್ಬಿಣ, ಅಲ್ಯುಮಿನಿಯಂ ಹೆಚ್ಚಿರುವ ನಮ್ಮ ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಂತೂ ಬಿಗಿಯಾಗಿ. ಅದರ ಬಳಿಗೆ ಬೇರು ತಾನಾಗಿ ಹೋಗಬೇಕು, ಇಲ್ಲವೇ ಶಿಲೀಂಧ್ರ ತಂದುಕೊಡಬೇಕು. ಪೈನ್ ಬೇರಿನ ತುದಿಯನ್ನು ಲೆನ್ಸ್ ಕೆಳಗೆ ಇಟ್ಟರೆ ಪುಟ್ಟ ಕವೆಗೋಲಿನಂತೆ ಎರಡಾಗಿ ಸೀಳಿರುತ್ತದೆ, ಮೇಲೊಂದು ಶಿಲೀಂಧ್ರದ ಕವಚ. ಬೇರು, ಶಿಲೀಂಧ್ರದ ಈ ಜೋಡಿಯೇ ಮೈಕೊರೈಜಾ. ಸಾರಜನಕ ಜಾಸ್ತಿಯಾದರೆ ಈ ಸ್ನೇಹ ಸಾಮಾನ್ಯವಾಗಿ ಸಡಿಲಾಗುತ್ತದೆ. ಮರ ಸಕ್ಕರೆ ಕೊಡುವುದನ್ನು ಕಡಿಮೆ ಮಾಡುತ್ತದೆ.

ಕೊನೆಗೆ ಅಳತೆ. ಕೊಳವೆಯಿಂದ ಮಣ್ಣು ತೆಗೆದು, ಜರಡಿಯಲ್ಲಿ ತೊಳೆದು, ಚಿಮುಟದಿಂದ ಬೇರು ಆರಿಸಬೇಕು. ಬದುಕಿದ್ದು ಬಳುಕುತ್ತದೆ, ಸತ್ತದ್ದು ಪುಟಕ್ಕನೆ ಮುರಿಯುತ್ತದೆ. ಒಂದೇ ಸಲ ತೆಗೆದರೆ ಆ ದಿನ ಎಷ್ಟಿತ್ತು ಅನ್ನುವುದಷ್ಟೇ ಗೊತ್ತಾಗುತ್ತದೆ. ವರ್ಷದಲ್ಲಿ ಎಷ್ಟು ಹುಟ್ಟಿತು, ಎಷ್ಟು ಸತ್ತಿತು ಅಂತ ತಿಳಿಯಲು ಮತ್ತೆ ಮತ್ತೆ ತೆಗೆಯಬೇಕು, ಇಲ್ಲವೇ ನೆಲದಲ್ಲಿ ಪಾರದರ್ಶಕ ಕೊಳವೆ ಹೂತು ಕ್ಯಾಮೆರಾ ಇಳಿಸಬೇಕು. ಕೊಳವೆಯನ್ನು ಗೊಬ್ಬರದ ಪಟ್ಟಿಯ ಮೇಲೆ ಇಳಿಸಿದಿರೋ, ಎರಡು ಸಾಲುಗಳ ನಡುವೆಯೋ? ಅದನ್ನೂ ಪುಸ್ತಕದಲ್ಲಿ ಬರೆದಿಡಿ.