ಫೈನ್ ಕಟ್ಟಿ ಮುಗಿಸುವ ಅವಸರ

ಅಮೆರಿಕದ ವರ್ಜೀನಿಯಾದಲ್ಲಿ ವಕೀಲಿ ಮಾಡುವ ನನಗೆ, ಅಂಗಡಿಯಲ್ಲಿ ಬಿಲ್ ಆಗದ ಸಾಮಾನಿನೊಂದಿಗೆ ಸಿಕ್ಕಿಬಿದ್ದ ನಮ್ಮ ಕನ್ನಡದವರಿಂದ ಬರುವ ಫೋನ್‌ಗಳಲ್ಲಿ ಒಂದು ಮಾತು ಇದ್ದೇ ಇರುತ್ತದೆ. "ಮೇಡಂ, ಮೂವತ್ತು ಡಾಲರಿನ ಸಾಮಾನು. ತಪ್ಪಾಯ್ತು ಅಂತ ಒಪ್ಪಿಕೊಂಡು ಫೈನ್ ಕಟ್ಟಿಬಿಟ್ಟರೆ ಮುಗೀತಲ್ವಾ?"

ಮುಗಿಯುವುದಿಲ್ಲ. ಇದು ಟ್ರಾಫಿಕ್ ಚಲನ್ ಅಲ್ಲ, ಕಳ್ಳತನದ ಕ್ರಿಮಿನಲ್ ಕೇಸು. ಇಲ್ಲಿ 1,000 ಡಾಲರಿಗಿಂತ ಕಡಿಮೆ ಬೆಲೆಯದಾದರೆ 'ಪೆಟಿ ಲಾರ್ಸೆನಿ', ಅಂದರೆ ಸಣ್ಣ ಕಳವು. ಹಾಗೆಂದರೂ 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ ಹಾಕಬಹುದು. ಮೊದಲ ಸಲದವರನ್ನು ಜೈಲಿಗೆ ಕಳಿಸುವುದು ಅಪರೂಪ, ನಿಜ. ನನ್ನ ತಲೆನೋವು ಜೈಲಲ್ಲ, ವೀಸಾ.

ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ವಕೀಲರು, ಒಳ್ಳೆಯ ಮನಸ್ಸಿನಿಂದಲೇ ಹೇಳಬಹುದು: ತಪ್ಪೊಪ್ಪಿಕೋ, ಒಂದಿಷ್ಟು ಸಮಾಜಸೇವೆ ಮಾಡು, ಆರು ತಿಂಗಳು ಸರಿಯಾಗಿರು, ಕೇಸು ವಜಾ ಮಾಡಿಸುತ್ತೇವೆ. ಇಲ್ಲೇ ಹುಟ್ಟಿದವನಿಗೆ ಇದು ಒಳ್ಳೆಯ ದಾರಿ. ನಮ್ಮ ವಿದ್ಯಾರ್ಥಿಗೆ, ಎಚ್-1ಬಿ ಎಂಬ ಕೆಲಸದ ವೀಸಾದವರಿಗೆ, ಗ್ರೀನ್ ಕಾರ್ಡ್ ಇದ್ದವರಿಗೂ ಅಷ್ಟು ಸಲೀಸಲ್ಲ. 1996ರ ಕಾಯ್ದೆಯ ಪ್ರಕಾರ, ತಪ್ಪೊಪ್ಪಿಗೆಯ ಜೊತೆಗೆ ಯಾವುದಾದರೂ ಶಿಕ್ಷೆ ಅಥವಾ ನಿರ್ಬಂಧ ಇದ್ದರೆ ಇಮಿಗ್ರೇಷನ್ ಲೆಕ್ಕದಲ್ಲಿ ಅದು ಶಿಕ್ಷೆಯಾದ ಅಪರಾಧವೇ. ಆರು ತಿಂಗಳ ಮೇಲೆ ನ್ಯಾಯಾಧೀಶರು ವಜಾ ಮಾಡಿದರೂ ಅಷ್ಟೇ. ಕೋರ್ಟಿನ ಕಾಗದದಲ್ಲಿ 'ಡಿಸ್ಮಿಸ್ಡ್' ಎಂದಿರುತ್ತದೆ, ಇಮಿಗ್ರೇಷನ್‌ನವರು ಕೇಳುವುದು ಅದಕ್ಕೂ ಮೊದಲು ನೀವು ಏನು ಒಪ್ಪಿಕೊಂಡಿರಿ ಎಂದು. ಇದನ್ನು ಎಷ್ಟು ಸಲ ಹೇಳಿದರೂ "ಡಿಸ್ಮಿಸ್ ಆಯ್ತಲ್ಲ ಮೇಡಂ" ಅಂತಲೇ ಶುರುಮಾಡುತ್ತಾರೆ.

ರಾಜ್ಯದಿಂದ ರಾಜ್ಯಕ್ಕೂ ವ್ಯತ್ಯಾಸವಿದೆ. ಇಮಿಗ್ರೇಷನ್ ಕಾನೂನಿನಲ್ಲಿ ಕಳವನ್ನು ಸಾಮಾನ್ಯವಾಗಿ ನೀತಿಗೆಟ್ಟ ಅಪರಾಧಗಳ ಸಾಲಿಗೆ ಸೇರಿಸುತ್ತಾರೆ. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆ ವಿಧಿಸಬಹುದಾದ ಅಂಥ ಅಪರಾಧವನ್ನು ದೇಶದೊಳಗೆ ಬಂದ ಐದು ವರ್ಷದೊಳಗೆ ಮಾಡಿದರೆ ಗಡೀಪಾರಿನ ಪ್ರಶ್ನೆ ಏಳುತ್ತದೆ. ನ್ಯೂಯಾರ್ಕ್‌ನಲ್ಲಿ 2019ರಿಂದ ಇಂಥ ಕೇಸಿಗೆ ಗರಿಷ್ಠ 364 ದಿನ. ನಮ್ಮಲ್ಲಿ ಪೂರಾ 12 ತಿಂಗಳು. ಒಂದೇ ದಿನದ ಅಂತರ, ಆದರೆ ಅಲ್ಲಿ ಆ ಒಂದು ವರ್ಷದ ಗೆರೆ ಮುಟ್ಟುವುದಿಲ್ಲ! ಹಾಗಾಗಿ ನ್ಯೂಜೆರ್ಸಿಯ ಭಾವ ಹೇಳಿದ್ದು, ವಾಟ್ಸಾಪ್ ಗ್ರೂಪಿನಲ್ಲಿ ಓದಿದ್ದು ನಿಮ್ಮ ಕೇಸಿಗೆ ಹೊಂದಬೇಕೆಂದಿಲ್ಲ. ನಾನಿಲ್ಲಿ ಬರೆದಿದ್ದೂ ಸ್ಥೂಲ ಮಾತೇ, ಕಾಗದ ನೋಡದೆ ಯಾರ ಕೇಸಿನ ಬಗ್ಗೆಯೂ ಭರವಸೆ ಕೊಡಲಾರೆ.

ಒಮ್ಮೆ ಹಾಸನದ ಕಡೆಯ ಅಮ್ಮ ಒಬ್ಬರನ್ನು ಮಗ ಕರೆತಂದಿದ್ದರು. ಬಾಣಂತನಕ್ಕೆಂದು ಬಂದವರು. ಮೊಮ್ಮಗುವಿನ ತಳ್ಳುಗಾಡಿಯ ಕೆಳಗಿನ ಬುಟ್ಟಿಯಲ್ಲಿಟ್ಟ ಎರಡು ಬಟ್ಟೆಗೆ ಬಿಲ್ ಆಗಿರಲಿಲ್ಲ. ಗಾಬರಿಗೆ "ಸಾರಿ, ಸಾರಿ" ಅಂದದ್ದನ್ನೇ ಅಂಗಡಿಯ ಕಾವಲಿನವನು ತಪ್ಪೊಪ್ಪಿಗೆ ಎಂದು ಬರೆದುಕೊಂಡಿದ್ದ. ಮಗ ಎಲ್ಲವನ್ನೂ ತಾನೇ ಹೇಳುತ್ತಿದ್ದರು, ಮಾನ ಹೋದ ಸಂಕಟ ಬೇರೆ. ನಡುವೆ ಆಕೆ, "ನಾನು ಮರ್ತಿದ್ದು ಕಣಮ್ಮ, ಕದ್ದಿಲ್ಲ" ಅಂದರು. "ನೀನು ಸುಮ್ನಿರಮ್ಮ" ಎಂದು ಮಗ ಗದರಿದರು. ನಾನು ಮಗನನ್ನೇ ಸುಮ್ಮನಿರಿಸಿದೆ. ಕದಿಯುವ ಉದ್ದೇಶ ಇಲ್ಲದಿದ್ದರೆ ಲಾರ್ಸೆನಿಯೇ ಇಲ್ಲ, ಆಕೆಯ ಡಿಫೆನ್ಸ್ ಪೂರ್ತಿ ಆ ಮಾತಿನಲ್ಲೇ ಇತ್ತು. ಕೌಂಟರಿನಲ್ಲಿ ಉಳಿದದ್ದಕ್ಕೆಲ್ಲ ದುಡ್ಡು ಕೊಟ್ಟಿದ್ದು ಕ್ಯಾಮೆರಾದಲ್ಲಿ ಸಿಕ್ಕಿತು, ಪ್ರಾಸಿಕ್ಯೂಟರ್ ಕೇಸು ಕೈಬಿಟ್ಟರು. ಎಲ್ಲರಿಗೂ ಹೀಗಾಗುತ್ತದೆಂದಲ್ಲ.

ಅಂಗಡಿಯ ಪರವಾಗಿ ಹಣ ಕೇಳಿ ಬರುವ ಪತ್ರ ಬೇರೆ, ಅದು ಸಿವಿಲ್. ಅದನ್ನು ಕಟ್ಟಿದರೂ ಕ್ರಿಮಿನಲ್ ಕೇಸು ತನ್ನ ಪಾಡಿಗೆ ನಡೆಯುತ್ತದೆ. ವಿಚಾರಣೆ ಮುಗಿಯದೆ ಊರಿಗೆಂದು ವಿಮಾನ ಹತ್ತಬೇಡಿ, ಆ ದಿನ ಕೋರ್ಟಿಗೆ ಬರದಿದ್ದರೆ ವಾರಂಟ್ ಹೊರಡಬಹುದು.

ವಕೀಲರನ್ನು ಹುಡುಕಬೇಕಾದ್ದು ಸಮನ್ಸ್ ಕೈಗೆ ಬಂದ ವಾರದಲ್ಲೇ, ಕೋರ್ಟಿನ ಹಿಂದಿನ ರಾತ್ರಿಯಲ್ಲ. ನಿಮ್ಮ ವೀಸಾ ಯಾವುದೆಂದು ಮೊದಲೇ ಹೇಳಿ. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವಿದ್ದರೆ ಎಚ್ಚರಿಸುವುದು ವಕೀಲರ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಈಗಾಗಲೇ ಒಪ್ಪಿಕೊಂಡು ದಂಡ ಕಟ್ಟಿ ಬಂದಿದ್ದರೆ, ವರ್ಜೀನಿಯಾದ ಕೆಳ ಕೋರ್ಟಾದ ಜನರಲ್ ಡಿಸ್ಟ್ರಿಕ್ಟ್ ಕೋರ್ಟಿನ ತೀರ್ಪಿನ ಮೇಲೆ 10 ದಿನದೊಳಗೆ ಅಪೀಲು ಹಾಕಬಹುದು, ವಿಚಾರಣೆ ಹೊಸದಾಗಿ ನಡೆಯುತ್ತದೆ. ಶನಿವಾರ, ಭಾನುವಾರಗಳೂ ಆ ಹತ್ತರ ಲೆಕ್ಕದಲ್ಲೇ ಬರುತ್ತವೆ.