ಬರೆದಿಡಿ, ವರ್ಷನ್ ನಂಬರ್ ಸಮೇತ

ತನಿಖೆಗೆಂದು ವಶಪಡಿಸಿಕೊಂಡ ಮೊಬೈಲನ್ನು ಸಿಗ್ನಲ್ ತಡೆಯುವ ಫ್ಯಾರಡೆ ಚೀಲದಲ್ಲಿಡಿ, ಚಾರ್ಜ್ ಮುಗಿಯದಂತೆ ನೋಡಿಕೊಳ್ಳಿ ಎಂದು ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನ ಒಂದು ತೀರ್ಪಿನಲ್ಲಿ ಹೇಳಿದೆ. ಇವತ್ತಿಗೂ ಒಳ್ಳೆಯ ಸೂಚನೆ. ಆದರೆ 2024ರಲ್ಲಿ ಐಫೋನಿನ ಕಾರ್ಯವ್ಯವಸ್ಥೆ ಐಒಎಸ್ 18.1 ಬಂದ ಮೇಲೆ ಇಷ್ಟೇ ಸಾಲದು. ಮೂರು ದಿನ ಅನ್‌ಲಾಕ್ ಆಗದಿದ್ದರೆ ಐಫೋನ್ ತಾನಾಗಿಯೇ ರೀಬೂಟ್ ಆಗುತ್ತದೆ. ಚಾರ್ಜಿಗೆ ಹಾಕಿದ್ದರೂ ಅಷ್ಟೆ, ಚೀಲದೊಳಗಿದ್ದರೂ ಅಷ್ಟೆ. ಆಮೇಲೆ ಪಾಸ್‌ಕೋಡ್ ಹಾಕುವ ತನಕ ಬಹುಪಾಲು ಡೇಟಾ ಗೂಢಲಿಪಿಯಲ್ಲೇ ಮುಚ್ಚಿರುತ್ತದೆ. 2025ರಲ್ಲಿ ಗೂಗಲ್ ಕೂಡ ಆಂಡ್ರಾಯ್ಡ್‌ಗೆ ಇಂಥದ್ದೇ ವ್ಯವಸ್ಥೆ ತಂದಿತು. ಶುಕ್ರವಾರ ಸಂಜೆ ಮಹಜರು ಮಾಡಿ, ಸೋಮವಾರ ಪತ್ರ ಬರೆದು, ಮಂಗಳವಾರ ಫೊರೆನ್ಸಿಕ್ ಲ್ಯಾಬಿಗೆ ಕಳಿಸುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಇದು ಲ್ಯಾಬಿನ ಒಬ್ಬ ತಜ್ಞರಿಗೆ ಮಾತ್ರ ಗೊತ್ತಿದ್ದರೆ ಏನು ಬಂತು? ಫೋನನ್ನು ಮೊದಲು ಕೈಗೆತ್ತಿಕೊಳ್ಳುವ ಠಾಣೆಯ ಸಿಬ್ಬಂದಿಗೆ ಗೊತ್ತಿರಬೇಕು, ಅಲ್ವಾ? ಅದಕ್ಕೇ ಕಲಿತದ್ದನ್ನು ಟಿಪ್ಪಣಿಯಾಗಿ ಬರೆದು ಹಂಚಬೇಕು.

ಈಗ ಇಂಥ ವಿಷಯ ಜಾಸ್ತಿ ಓಡಾಡುವುದು ವಾಟ್ಸಾಪ್ ಗ್ರೂಪುಗಳಲ್ಲಿ. ‘ಎಸ್20 ಓಪನ್ ಆಯ್ತು ಸಾರ್’ ಎಂದು ಒಂದು ಸಾಲು ಬರುತ್ತದೆ. ಯಾವ ಎಸ್20? ಅಮೆರಿಕದಲ್ಲಿ ಮಾರಿದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್20ಯಲ್ಲಿ ಸ್ನಾಪ್‌ಡ್ರಾಗನ್ ಚಿಪ್, ನಮ್ಮಲ್ಲಿ ಮಾರಿದ್ದರಲ್ಲಿ ಎಕ್ಸಿನೋಸ್. ಚಿಪ್ ಬದಲಾದರೆ ಲಾಕ್ ದಾಟುವ ವಿಧಾನವೂ ಬದಲಾಗಬಹುದು. ಪೂರ್ತಿ ಮಾಡೆಲ್ ನಂಬರ್ ಏನು, ಸೆಕ್ಯುರಿಟಿ ಪ್ಯಾಚ್ ಯಾವ ತಿಂಗಳದ್ದು, ಡೇಟಾ ತೆಗೆಯುವ ಟೂಲ್ ಯಾವ ವರ್ಷನ್, ಆನ್ ಆದ ಮೇಲೆ ಫೋನ್ ಒಮ್ಮೆಯಾದರೂ ಅನ್‌ಲಾಕ್ ಆಗಿತ್ತೇ? ಇಷ್ಟಿಲ್ಲದ ಸಾಲನ್ನು ನಂಬಿ ಕೆಲಸ ಮಾಡಲಾಗದು.

ಆಗಲಿಲ್ಲ ಎಂಬುದನ್ನೂ ಬರೆಯಬೇಕು. ಇದನ್ನು ಬರೆಯುವವರು ಬಹಳ ಕಡಿಮೆ, ನನಗೆ ಅದೇ ಬೇಸರ. ಒಬ್ಬರು ಒದ್ದಾಡಿ ಕೈಬಿಟ್ಟ ದಾರಿಯನ್ನೇ ಪಕ್ಕದ ಮೇಜಿನವರು ಮತ್ತೆ ಹಿಡಿಯುತ್ತಾರೆ. ಕೆಲವು ಸಲ ಪ್ರಯತ್ನಿಸುವುದೇ ಅಪಾಯ. ಹತ್ತು ಸಲ ತಪ್ಪು ಪಾಸ್‌ಕೋಡ್ ಹಾಕಿದರೆ ಡೇಟಾ ಅಳಿಸಿಹಾಕುವ ಸೆಟ್ಟಿಂಗ್ ಐಫೋನಿನಲ್ಲಿದೆ.

ಡೇಟಾ ಕೈಗೆ ಬಂದ ಮೇಲೆ ಅದನ್ನು ಓದುವುದು ಇನ್ನೊಂದು ಕಷ್ಟ. ಆಂಡ್ರಾಯ್ಡ್ ವಾಟ್ಸಾಪ್ ಡೇಟಾಬೇಸಿನಲ್ಲಿ ಸಂದೇಶಗಳ ಟೇಬಲ್ ಮೊದಲು ‘ಮೆಸೇಜಸ್’ ಎಂದಿತ್ತು. ಆಮೇಲೆ ‘ಮೆಸೇಜ್’ ಆಯಿತು, ಒಳಗಿನ ರಚನೆಯೂ ಬದಲಾಯಿತು. ಹಳೆಯ ಹೆಸರನ್ನೇ ಹುಡುಕುವ ಸ್ಕ್ರಿಪ್ಟಿಗೆ ಏನೂ ಸಿಗದಿದ್ದರೆ ಸಂದೇಶವೇ ಇರಲಿಲ್ಲ ಎಂದು ವರದಿ ಬರೆಯುವ ಹಾಗಿಲ್ಲ. ಸಮಯದ ಲೆಕ್ಕದಲ್ಲೂ ಇದೇ ಕಥೆ. ಆಂಡ್ರಾಯ್ಡ್ ವಾಟ್ಸಾಪ್ 1970ರಿಂದ ಮಿಲಿಸೆಕೆಂಡುಗಳನ್ನು ಎಣಿಸುತ್ತದೆ, ಐಫೋನಿನದು 2001ರಿಂದ ಸೆಕೆಂಡುಗಳನ್ನು. ಇಲ್ಲಿ ಎಡವಿದರೆ ವರ್ಷಗಳೇ ಏರುಪೇರಾಗುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಬೀಳದೆ ಉಳಿಯುವುದು ಐದೂವರೆ ಗಂಟೆಯ ವ್ಯತ್ಯಾಸ. ಯುಟಿಸಿ ಎಂಬ ಜಾಗತಿಕ ಸಮಯವನ್ನೇ ನಮ್ಮ ಸಮಯ ಎಂದುಕೊಂಡರೆ, ರಾತ್ರಿ ಒಂದು ಗಂಟೆಯ ಸಂದೇಶ ಹಿಂದಿನ ಸಂಜೆ ಏಳೂವರೆಗೆ ಹೋಗಿ ಕೂರುತ್ತದೆ. ಆರೋಪಿ ಆಗ ಎಲ್ಲಿದ್ದ ಎಂಬ ಪ್ರಶ್ನೆ ಅದರ ಮೇಲೆಯೇ ನಿಂತಿರಬಹುದು.

ಅದಕ್ಕೇ ಪ್ರತಿ ಟಿಪ್ಪಣಿಯ ಹಿಂದೆ ಒಂದು ಪರೀಕ್ಷೆ ಇರಬೇಕು. ಲ್ಯಾಬಿನದೇ ಫೋನಿನಲ್ಲಿ ಗಡಿಯಾರ ನೋಡಿ ಸಂದೇಶ ಕಳಿಸಿ, ಒಂದೆರಡನ್ನು ಅಳಿಸಿ, ಎಲ್ಲಿ ಏನು ಉಳಿದಿದೆ ನೋಡಿ. ಫೊರೆನ್ಸಿಕ್ ತಜ್ಞ ಅಲೆಕ್ಸಿಸ್ ಬ್ರಿಗ್ನೋನಿ ಶುರು ಮಾಡಿದ, ಫೋನಿನ ಡೇಟಾ ಓದಿಕೊಡುವ ಐಲೀಪ್, ಎಲೀಪ್ ಎಂಬ ಉಚಿತ ಟೂಲ್‌ಗಳು ಬೆಳೆದದ್ದು ಹಂಚಿಕೆಯಿಂದಲೇ. ಯಾರೋ ಒಂದು ಆಪನ್ನು ಬಿಡಿಸಿ ನೋಡಿ, ಪೈಥಾನ್ ಕೋಡ್ ಬರೆದು ಎಲ್ಲರಿಗೂ ಕೊಡುತ್ತಾರೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಮೊಬೈಲ್ ಟೂಲ್‌ಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸುತ್ತದೆ. ಅವನ್ನು ಓದಿ. ಆದರೆ ನಮ್ಮ ಯುಪಿಐ ಆಪ್‌ಗಳು, ಕನ್ನಡ ಕೀಬೋರ್ಡುಗಳ ಬಗ್ಗೆ ಹೊರಗಿನವರು ಬರೆದುಕೊಡಲಿ ಎಂದು ಕಾಯಬೇಡಿ. ಹಂಚುವ ಟಿಪ್ಪಣಿಯಲ್ಲಿ ಪ್ರಕರಣದ ಒಂದು ಹೆಸರು, ಒಂದು ನಂಬರ್ ಕೂಡ ಇರಕೂಡದು. ಸ್ಕ್ರೀನ್‌ಶಾಟ್ ಬೇಕಿದ್ದರೆ ಪರೀಕ್ಷೆಯ ಫೋನಿನದ್ದೇ ಹಾಕಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರದಲ್ಲಿ ತಜ್ಞರು ತುಂಬಬೇಕಾದ ಭಾಗ ಬೇರೆಯೇ ಇದೆ. ಡೇಟಾ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಮೌಲ್ಯ ಬರೆದು ಸಹಿ ಹಾಕಬೇಕು. ಪಾಟೀಸವಾಲಿನಲ್ಲಿ ‘ಟೂಲ್ ತೋರಿಸಿದ ಸಮಯ ಸರಿ ಅಂತ ಹೇಗೆ ಹೇಳ್ತೀರಿ?’ ಎಂದು ಕೇಳಿದರೆ, ಕಂಪನಿಯವರು ಹಾಗಂದರು ಎನ್ನುವ ಉತ್ತರ ನಿಲ್ಲುವುದಿಲ್ಲ. ಇದೇ ವರ್ಷನ್ನಿನಲ್ಲಿ, ಇಂಥ ದಿನ ಪರೀಕ್ಷಿಸಿದ ದಾಖಲೆ ಇಲ್ಲಿದೆ ಎಂದು ತೋರಿಸಬೇಕು. ಹಾಗಾಗಿ ಹೊಸ ಟಿಪ್ಪಣಿ ಬಂತೆಂದು ಹಳೆಯದನ್ನು ಅಳಿಸಬೇಡಿ. ಈ ವರ್ಷ ಸಾಕ್ಷಿ ಹೇಳಬೇಕಾದ ಫೋನನ್ನು ಮೂರು ವರ್ಷದ ಹಿಂದೆ ಪರಿಶೀಲಿಸಿರಬಹುದು. ಆಗ ಬೇಕಾಗುವುದು ಅಂದಿನ ವರ್ಷನ್ನಿನ ಟಿಪ್ಪಣಿಯೇ.